ಉಸ್ತಾದರ ಕೈಯಲ್ಲಿ ನನ್ನ ಇಟಲಿ ಗಾಡಿ

ನನ್ನ ಗಾಡಿ ನನಗಿಂತ ಇನ್ನೊಬ್ಬರ ಕೈಯಲ್ಲಿ ಚೆನ್ನಾಗಿ ಓಡುತ್ತದೆ ಎಂಬುದನ್ನು ನನಗೆ ಸಹಿಸಿಕೊಳ್ಳಲು ಆಗಲಿಲ್ಲ. ಇಷ್ಟೇ ವಿಷಯ. ಐವತ್ತು ದಾಟಿದ, ದೇವಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ, ನಾಲ್ಕು ಜನ ನಿಂತು ನಮಸ್ಕಾರ ಹೇಳುವ ಮನುಷ್ಯನಿಗೆ ಇಂಥ ಹೊಟ್ಟೆಕಿಚ್ಚು ಶೋಭೆಯಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದರೂ ಬಂತು.

ಗಾಡಿ ಇಟಲಿಯದು. ವೇಗಕ್ಕೂ ಆಗಬೇಕು, ದೂರದ ಪ್ರಯಾಣಕ್ಕೂ ಆಗಬೇಕು ಅಂತ ಮಾಡಿದ, ಎರಡು ಸಿಲಿಂಡರಿನ ಕೆಂಪು ಬೈಕು. ಇಪ್ಪತ್ತು ವರ್ಷಕ್ಕೂ ಹಳೆಯದು. ಹೈದರಾಬಾದಿನಲ್ಲಿ ಒಬ್ಬರ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ನಿಂತಿದ್ದನ್ನು ಕಂಡು, ಮರುಳಾಗಿ, ಸುರಪುರಕ್ಕೆ ತಂದುಕೊಂಡೆ. ಅದರ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವಂಥದ್ದಲ್ಲ, ಒಣ ಕ್ಲಚ್ಚು. ನಿಂತಲ್ಲೇ ಗಡಗಡ ಅನ್ನುತ್ತದೆ. ಅದು ಅದರ ಹುಟ್ಟುಗುಣ, ಕಾಯಿಲೆಯಲ್ಲ. ಆದರೆ ಬಸ್‌ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದಾಗಲೆಲ್ಲ ಬಾಳೆಹಣ್ಣಿನ ಬಂಡಿಯವನು ತಪ್ಪದೆ ಹೇಳುತ್ತಿದ್ದ: "ಸರ್, ಒಳಗ ಏನೋ ಮುರದದ್ರಿ. ಮದಲ ತೋರಸ್ರಿ." ಅವನಿಗೆ ಒಣ ಕ್ಲಚ್ಚಿನ ಪಾಠ ಮೂರು ಸಲ ಮಾಡಿದೆ. ನಾಲ್ಕನೆಯ ಸಲವೂ ಅದನ್ನೇ ಹೇಳಿದ.

ಸುರಪುರದಲ್ಲಿ ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಯಾದಗಿರಿಯಲ್ಲಿ ಒಬ್ಬ ಮೆಕ್ಯಾನಿಕ್ ತಡಕಾಡಿ ನೋಡಿ, ಕೈಮುಗಿದು ಕಳಿಸಿದ. ಕೊನೆಗೆ ಸಿಕ್ಕವರು ಶಹಾಪುರದ ಒಬ್ಬ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಉಸ್ತಾದರು. ಯಾದಗಿರಿ ರಸ್ತೆಗೆ ಅವರದೊಂದು ತಗಡಿನ ಶೆಡ್ಡು. ಬುಲೆಟ್ಟು, ಟ್ರ್ಯಾಕ್ಟರು, ಹೊಲದ ಪಂಪು, ಏನು ಬಂದರೂ ಬಿಚ್ಚುವ ಕೈ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕುಕ್ಕುರುಗಾಲಲ್ಲಿ ಕೂತು, ಇಂಜಿನ್ನಿಗೆ ಕಿವಿಗೊಟ್ಟರು. ಆಮೇಲೆ ಎದ್ದು ಟ್ಯಾಂಕಿನ ಮೇಲೆ ಕೈಯಿಟ್ಟು, "ಕೈಸೀ ಹೈ ಬೇಟಿ?" ಎಂದು ತಮ್ಮ ಮನೆಮಾತಿನಲ್ಲಿ ವಿಚಾರಿಸಿದರು. ನನ್ನ ಗಾಡಿಯನ್ನು ಮಗಳೇ ಅಂದದ್ದು ಅಂದು ನನಗೆ ತಮಾಷೆಯಾಗಿಯೇ ಕೇಳಿಸಿತು.

ನಾನು ಸರ್ವಿಸ್ ಪುಸ್ತಕವನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದವನು. ಈ ಇಂಜಿನ್ನಿನ ವಾಲ್ವುಗಳನ್ನು ನಡೆಸುವುದು ಎರಡು ರಬ್ಬರ್ ಬೆಲ್ಟು. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಬೆಲ್ಟಿನ ಬಿಗಿ ನೋಡಲು ಬೆಲ್ಟಿಗೂ ರೋಲರಿಗೂ ನಡುವೆ ಐದು ಮಿಲಿಮೀಟರಿನ ಎಲ್-ಕೀ ತೂರಿಸಬೇಕು ಅಂತ ಪುಸ್ತಕ ಹೇಳುತ್ತದೆ. ನಾನು ಕನ್ನಡಕ ಹಾಕಿಕೊಂಡು ಕೀ ಹುಡುಕುವಷ್ಟರಲ್ಲಿ ಉಸ್ತಾದರು ಬೆಲ್ಟನ್ನು ಉಗುರಿನಿಂದ ಮೀಟಿ, ನಟ್ಟು ಬಿಗಿದು ಮುಗಿಸಿದ್ದರು. ಕೀ ತೂರಿಸಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಒಂದಿಷ್ಟಾದರೂ ತಪ್ಪಿರಲಿ ಅಂತ ಒಳಗೊಳಗೇ ಬಯಸಿದ್ದೆ. ಮನಸ್ಸು ಸಣ್ಣದಾದದ್ದು ಅಲ್ಲಿಂದಲೇ.

ಉಸ್ತಾದರಿಗೆ ಒಂದು ಅಭ್ಯಾಸ. ಯಾವ ಗಾಡಿ ಹತ್ತುವ ಮುಂಚೆಯೂ ಟ್ಯಾಂಕಿನ ಮುಚ್ಚಳ ತೆಗೆದು, ಬಗ್ಗಿ ನೋಡಿ, "ಬಿಸ್ಮಿಲ್ಲಾ" ಅಂದು ಮುಚ್ಚುವರು. ಇಟಲಿಯ ಗಾಡಿಗೆ ಪೆಟ್ರೋಲು ತೋರಿಸುವ ಕಾಟಾ ಇದೆ, ನೆಟ್ಟಗೆ ಕೆಲಸ ಮಾಡುತ್ತದೆ. ಆದರೂ ನೋಡುವರು. "ನನಗ ಕೆಲಸ ಕಲಿಸಿದ ಉಸ್ತಾದ್ ಹೇಳಿಕೊಟ್ಟಾರ್ರಿ. ಕಾಟಾ ಸುಳ್ಳು ಹೇಳ್ತದ, ಕಣ್ಣು ಹೇಳಾಂಗಿಲ್ಲ ಅಂತಿದ್ರು." ಅದೂ ನನಗೆ ಡೌಲಿನ ಹಾಗೆ ಕಾಣಿಸತೊಡಗಿತ್ತು.

ಕೆಲಸ ಮುಗಿದ ದಿನ ಕೆಲವೊಮ್ಮೆ ಅವರೇ ಗಾಡಿಯನ್ನು ಸುರಪುರಕ್ಕೆ ತಂದು ಬಿಟ್ಟು, ಬಸ್ಸಿಗೆ ವಾಪಸಾಗುತ್ತಿದ್ದರು. ಒಂದು ಭಾನುವಾರ ನಾನು ಸ್ನಾನ ಮಾಡುತ್ತಿದ್ದಾಗ ಓಣಿಯ ತಿರುವಿನಿಂದ ಸದ್ದು ಕೇಳಿಸಿತು. ಗಂಭೀರವಾಗಿ, ಒಂದೇ ಸಮನೆ, ಎಲ್ಲೂ ಮುಗ್ಗರಿಸದೆ ಬರುತ್ತಿತ್ತು. ನಾನು ಓಡಿಸುವಾಗ ಅದು ಹಾಗೆ ಎಂದೂ ಬಂದಿರಲಿಲ್ಲ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೂಗಿ ಹೇಳಿದಳು: "ಉಸ್ತಾದ್ರು ಬಂದ್ರು ನೋಡ್ರಿ. ಅವ್ರು ಹೊಡದ್ರ ಸಪ್ಪಳನ ಬ್ಯಾರೆ ಬರ್ತದ!"

ಮೈಮೇಲೆ ನೀರು ಸುರಿಯುತ್ತಿದ್ದರೂ ಮೈ ಉರಿಯಿತು. ಅವಳು ಹೊರಗೆ ಚಹಾ ಕೊಟ್ಟು, ದೂರ ಹೋಗೋದಿದ್ದರೆ ನಡೀತದೇನ್ರಿ ಇದು, ಅಂತ ಕೇಳುತ್ತಿದ್ದಳು. ನಮ್ಮಿಬ್ಬರಿಗೂ ಹಂಪಿಯ ತನಕ ಗಾಡಿಯ ಮೇಲೆ ಹೋಗಿ ಬರುವ ಆಸೆಯಿತ್ತು. ಆ ಪ್ರಶ್ನೆಯನ್ನು ಅವಳು ನನ್ನನ್ನು ಕೇಳಬೇಕಾಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ಗಾಡಿ ನಿಲ್ಲತೊಡಗಿತು. ಶಹಾಪುರದಿಂದ ಹೊರಟು ಸುರಪುರದ ದಾರಿಯಲ್ಲಿ ಹತ್ತಿಗುಡೂರು ಕ್ರಾಸ್ ಹತ್ತಿರ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿ, ಪ್ರಾಣ ಬಿಟ್ಟ ಹಾಗೆ ನಿಂತುಬಿಡುವುದು. ಟ್ಯಾಂಕು ಅರ್ಧ ಇದ್ದ ದಿನ ಒಂದಿಷ್ಟು ದೂರ ಬರುವುದು, ತುಂಬಿಸಿದ ದಿನ ಬೇಗ ನಿಲ್ಲುವುದು. ಇದೇನು ತಲೆಕೆಳಗಿನ ನ್ಯಾಯ ಅಂತ ತಲೆ ಕೆರೆದುಕೊಂಡೆ. ಫೋನ್ ಮಾಡಿದರೆ ಉಸ್ತಾದರು ತಮ್ಮ ಹಳೆಯ ಸ್ಕೂಟರಿನಲ್ಲಿ ಬಿಸಿಲಲ್ಲೇ ಬರುವರು. ಮುಚ್ಚಳ ತೆಗೆದು ನೋಡುವರು, ಮುಚ್ಚುವರು, ಬಟನ್ ಒತ್ತುವರು. ಗಾಡಿ ಹತ್ತಿಕೊಳ್ಳುವುದು! ಅವರು ಓಡಿಸಿ ತೋರಿಸಿದಾಗ ಒಮ್ಮೆಯೂ ನಿಲ್ಲಲಿಲ್ಲ. ಪ್ಲಗ್ಗು ಬದಲಿಸಿದರು, ಪೆಟ್ರೋಲಿನ ಫಿಲ್ಟರ್ ಬದಲಿಸಿದರು, ಬ್ಯಾಟರಿಯ ವೈರುಗಳನ್ನು ಉಜ್ಜಿದರು. "ಖರೇ ಹೇಳ್ತೀನ್ರಿ ಸರ್, ನನಗ ಗೊತ್ತಾಗವಲ್ದು. ನನ್ನ ಮುಂದ ಇದು ನಿಲ್ಲಾಂಗೇ ಇಲ್ಲ."

ಆ ಕೊನೆಯ ಮಾತನ್ನೇ ನಾನು ಹಿಡಿದುಕೊಂಡೆ. ನಿಮ್ಮ ಮುಂದೆ ಯಾಕೆ ನಿಲ್ಲುವುದಿಲ್ಲ? ನಿಲ್ಲಿಸುವವರೇ ನೀವಾದರೆ ಹೇಗೆ ನಿಂತೀತು? ಹೊಟ್ಟೆಕಿಚ್ಚಿಗೆ ಒಂದು ತರ್ಕ ಸಿಕ್ಕರೆ ಸಾಕು, ಮಿಕ್ಕದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ಗಾಡಿ ತಮ್ಮ ಕೈ ಬಿಟ್ಟು ಹೋಗಬಾರದೆಂದು ಉಸ್ತಾದರು ಏನೋ ಸಡಿಲ ಮಾಡಿ ಕಳಿಸುತ್ತಿದ್ದಾರೆ ಅಂತ ನಾನು ನಂಬಿಬಿಟ್ಟೆ.

ಮೂರನೆಯ ಸಲ ಅವರು ಗಾಡಿ ಚಾಲೂ ಮಾಡಿಕೊಟ್ಟಾಗ ಮನೆಗೆ ಬರದೆ ಶೆಡ್ಡಿಗೇ ತಿರುಗಿಸಿದೆ. ಅಲ್ಲಿ ಟ್ರ್ಯಾಕ್ಟರಿನವರು ಮೂರ್ನಾಲ್ಕು ಜನ ಕೂತಿದ್ದರು. ಉಸ್ತಾದರು ಸ್ಕೂಟರಿನಿಂದ ಇಳಿಯುವ ಮುಂಚೆಯೇ ನನ್ನ ಬಾಯಿ ತೆರೆಯಿತು. "ನನಗ ಎಲ್ಲಾ ತಿಳಿತದ. ಗಾಡಿ ನಿನ್ನ ಹಂತ್ಯಾಕ ಬರ್ಲಿ ಅಂತ ನೀನ ಏನರ ಮಾಡಿ ಇಡ್ತಿ."

ಅಲ್ಲಿಯವರೆಗೆ ನಾನು ಅವರಿಗೆ 'ನೀವು' ಬಿಟ್ಟು ಬೇರೆ ಮಾತಾಡಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು. ಕೂತಿದ್ದವರು ಆರೋಪಕ್ಕಿಂತ ಹೆಚ್ಚಾಗಿ ಆ 'ನೀನು'ಗೆ ತಲೆಯೆತ್ತಿ ನೋಡಿದರು. ಉಸ್ತಾದರು ನನ್ನ ಗಾಡಿಯಿಂದ ಚಾವಿ ತೆಗೆದು, ಬನೀನಿನ ತುದಿಗೆ ಒರೆಸಿ, ನನ್ನ ಕೈಗೆ ಕೊಟ್ಟರು. "ನಿಮ್ಮ ಗಾಡಿ, ನಿಮ್ಮ ಚಾವಿ. ಹೋಗಿ ಬರ್ರಿ ಸರ್." ಅಷ್ಟೇ. ಅವರು 'ನೀವು' ಬಿಡಲಿಲ್ಲ.

ಎರಡು ವಾರ ಬಿಟ್ಟು ಹತ್ತಿಗುಡೂರಿನ ಹತ್ತಿರ ಮತ್ತೆ ನಿಂತಿತು. ಮಧ್ಯಾಹ್ನದ ಬಿಸಿಲು. ಈ ಸಲ ಫೋನ್ ಮಾಡಲು ಯಾರೂ ಇರಲಿಲ್ಲ. ಜಾಲಿಗಿಡದ ಅರೆಬರೆ ನೆರಳಲ್ಲಿ ಗಾಡಿ ನಿಲ್ಲಿಸಿ, ಬೇರೇನೂ ತೋಚದೆ, ಉಸ್ತಾದರು ಮಾಡುವ ಹಾಗೆ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಸದ್ದು. ಟ್ಯಾಂಕು ದೊಡ್ಡದೊಂದು ಉಸಿರು ಎಳೆದುಕೊಂಡಿತು.

ಅಲ್ಲೇ ಕಲ್ಲಿನ ಮೇಲೆ ಕೂತು ಮುಚ್ಚಳವನ್ನು ತಿರುವಿ ನೋಡಿದೆ. ಬೇಸಿಗೆಯ ಮೊದಲಿಗೆ ಶಾಲೆಯ ಅಂಗಳದ ಬಿಸಿಲಲ್ಲಿ ಗಾಡಿ ನಿಂತಾಗ ಪೆಟ್ರೋಲಿನ ವಾಸನೆ ಬರುತ್ತಿತ್ತು. "ಪೆಟ್ರೋಲ್ ಹಾರಿ ಹೊಂಟದ್ರಿ ಸರ್, ಸಾಬಾಣ ಹಚ್ರಿ" ಅಂದಿದ್ದರು ಶಾಲೆಯ ಜವಾನರು. ನಮ್ಮ ಕಡೆ ಟ್ಯಾಂಕು ಸೋರಿದರೆ ಬಟ್ಟೆ ಸಾಬೂನು ಮೆತ್ತುವುದು ಎಲ್ಲರಿಗೂ ಗೊತ್ತಿರುವ ಮದ್ದು, ಪೆಟ್ರೋಲಿಗೆ ಅದು ಕರಗುವುದಿಲ್ಲ. ನಾನು ಮುಚ್ಚಳದಲ್ಲಿದ್ದ ಸೂಜಿಮೊನೆಯಂಥ ತೂತಿಗೆ ಸಾಬೂನು ಮೆತ್ತಿ, ಹೆಬ್ಬೆರಳಿನಿಂದ ಒತ್ತಿ, ಜಾಣನಾದೆ ಅಂದುಕೊಂಡು ಮರೆತುಬಿಟ್ಟಿದ್ದೆ. ಪೆಟ್ರೋಲು ಕೆಳಗಿಳಿದಷ್ಟೂ ಗಾಳಿ ಒಳಗೆ ಹೋಗಬೇಕಾದ ದಾರಿ ಅದು. ಗಾಳಿ ಹೋಗದೆ ಪೆಟ್ರೋಲು ಇಳಿಯದು. ಟ್ಯಾಂಕು ತುಂಬಿದ್ದರೆ ಒಳಗಿರುವ ಗಾಳಿಯೇ ಕಡಿಮೆ, ಅದಕ್ಕೇ ಬೇಗ ನಿಲ್ಲುತ್ತಿತ್ತು. ಎಣ್ಣೆ ಡಬ್ಬಿಗೆ ಎರಡು ತೂತು ಯಾಕೆ ಮಾಡಬೇಕು ಅಂತ ಪ್ರತಿ ವರ್ಷ ಎಂಟನೆಯ ತರಗತಿಗೆ ಮಾಡಿ ತೋರಿಸುವವನು ನಾನು. ಉಸ್ತಾದರು ಮುಚ್ಚಳ ತೆಗೆದಾಗಲೆಲ್ಲ ಗಾಡಿಗೆ ಉಸಿರು ಸಿಗುತ್ತಿತ್ತು. ಅವರ ಕೈಗುಣ ಅಂತ ನಾನು ಹೊಟ್ಟೆ ಉರಿದುಕೊಂಡದ್ದು ಇದಕ್ಕೆ. ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು.

ಜಾಲಿಮುಳ್ಳು ಮುರಿದು ತೂತಿನಿಂದ ಸಾಬೂನು ಕೆದಕಿ ತೆಗೆದೆ. ಬಟನ್ ಒತ್ತಿದೊಡನೆ ಹತ್ತಿಕೊಂಡಿತು. ಗಾಡಿಯನ್ನು ಸುರಪುರದ ಕಡೆ ಹೊರಳಿಸಿ ಒಂದಷ್ಟು ದೂರ ಬಂದೆ ಕೂಡ. ಯಾರಿಗೂ ಗೊತ್ತಿಲ್ಲ, ರಿಪೇರಿ ಮಾಡಿದವನು ನಾನೇ, ಉಸ್ತಾದರಿಗೆ ಆಗದ್ದು ನನಗಾಯಿತು ಅಂತ ಹೇಳಿಕೊಂಡು ತಿರುಗಬಹುದಿತ್ತು. ಆ ಆಸೆ ನಿಜವಾಗಿಯೂ ಬಂತು. ಆಮೇಲೆ ಗಾಡಿ ತಿರುಗಿಸಿ ಶಹಾಪುರಕ್ಕೆ ಹೋದೆ.

ಶೆಡ್ಡಿನಲ್ಲಿ ಅವರು ಪಂಪಿನ ಇಂಜಿನ್ನು ಬಿಚ್ಚಿಕೊಂಡು ಕೂತಿದ್ದರು. "ಉಸ್ತಾದ್, ಗಾಡಿ ಸರಿ ಆತ್ರಿ," ಅಂದೆ.

ಸಿಟ್ಟು ಮುನಿಸು ಏನನ್ನೂ ತೋರಿಸದೆ ಥಟ್ಟನೆ ಎದ್ದು ಬಂದರು. "ಏನಾಗಿತ್ರಿ? ಏನಿತ್ತು?" ಆ ಮುಖದಲ್ಲಿದ್ದದ್ದು ಕಲಿಯುವ ಆಸೆ ಒಂದೇ. ಎಲ್ಲ ಹೇಳಿದೆ. ಸಾಬೂನು ನನ್ನದೇ ಕೈಯದು ಅಂತಲೂ ಹೇಳಿದೆ. ಅವರು ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು, ತೂತನ್ನು ಬಹಳ ಹೊತ್ತು ನೋಡಿದರು.

"ಎಷ್ಟು ಸಲ ತಗದು ನೋಡೀನಿ. ಸುಯ್ ಅಂದ್ರ ಬಿಸಲಿನ ಆವಿ ಅಂತ ಬಿಟ್ಟೆ. ಒಳಗ ನೋಡಿದೆ, ಮುಚ್ಚಳಾ ನೋಡ್ಲಿಲ್ಲ. ತಪ್ಪು ನಂದೂ ಅದ್ರಿ."

"ಅಲ್ರಿ ಉಸ್ತಾದ್, ತಪ್ಪು ನಂದು. ಅವತ್ತ ನಾಲಿಗಿ ಹರಿಬಿಟ್ಟೆ. ನಿಮಗ ಹಂಗ ಅನ್ನಬಾರದಿತ್ತು."

ಅವರು ಮುಚ್ಚಳವನ್ನು ಟ್ಯಾಂಕಿಗೆ ಕೂರಿಸಿ ಬಿಗಿದರು. ನಾನು ಚಾವಿ ಮುಂದೆ ಚಾಚಿದೆ. "ಒಂದ್ ರೌಂಡ್ ಹೊಡಕೊಂಡ್ ಬರ್ರಿ."

"ಬ್ಯಾಡ್ರಿ ಸರ್. ಕೆಲಸ ಇದ್ರ ತರ್ರಿ, ಮಾಡಿ ಕೊಡ್ತೀನಿ. ಮ್ಯಾಲ ಕೂಡಾಂಗಿಲ್ಲ." ದನಿಯಲ್ಲಿ ಬಿರುಸು ಇರಲಿಲ್ಲ. ಪಂಪಿನ ಇಂಜಿನ್ನಿನ ಮುಂದೆ ಹೋಗಿ ಕೂತರು.

ಆಮೇಲೆ ಒಂದು ಸಲ ಬೆಲ್ಟು ಬದಲಿಸಿದ್ದಾಯಿತು. ಹಂಪಿಗೂ ಹೋಗಿ ಬಂದೆವು, ಗಾಡಿ ಎಲ್ಲಿಯೂ ಕೈಕೊಡಲಿಲ್ಲ. ಕೆಲಸ ಮುಗಿದರೆ ಉಸ್ತಾದರು ಗಾಡಿಯನ್ನು ದಬ್ಬಿಕೊಂಡು ರಸ್ತೆಗೆ ತಂದು, ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ನಿಲ್ಲುತ್ತಾರೆ. ನಾನು ಭೀಮರಾಯನಗುಡಿಯ ತನಕ ಹೋಗಿ ಬರುತ್ತೇನೆ. ನಾನು ಇಳಿಯುವ ಮುಂಚೆಯೇ ಯಾವ ಗೇರಿನಲ್ಲಿ ಏನು ತಡೆಯುತ್ತಿದೆ ಅಂತ ಹೇಳುತ್ತಾರೆ, ಅದು ಸರಿಯಿರುತ್ತದೆ. ಮೇಲೆ ಕೂತವನಿಗೆ ತಿಳಿಯದ್ದು ಕೆಳಗೆ ನಿಂತವರಿಗೆ ತಿಳಿಯುತ್ತದಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಗಾಡಿಯನ್ನು ನನ್ನ ಬಿಟ್ಟು ಬೇರೆ ಯಾರೂ ಓಡಿಸುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ ತಾನೆ.

ಹೋದ ತಿಂಗಳು ಹೆಂಡತಿ ಕೇಳಿದಳು: "ಉಸ್ತಾದ್ರು ಈಗ ಯಾಕ ಗಾಡಿ ತಂದು ಬಿಡಾಂಗಿಲ್ರಿ? ಆ ಸಪ್ಪಳ ಕೇಳಿ ಭಾಳ ದಿನ ಆತು."

"ಅವ್ರಿಗಿ ಪುರಸೊತ್ತು ಇಲ್ಲ," ಅಂದೆ.