ಎಣ್ಣೆಯಿಲ್ಲದ ಸ್ಟವ್

ಹತ್ತೊಂಬತ್ತು ವರ್ಷ ಟಾಕೀಸಿನಲ್ಲಿ ಸಿನಿಮಾ ಮಷೀನು ಓಡಿಸಿದವನು ನಾನು. ಸುಳ್ಳು ಹೇಗೆ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿ ಕಳಿಸುತ್ತಾರೆ. ಈಗ ಹೇಳುವುದು ಆ ಪೆಟ್ಟಿಗೆಯ ಸರಕಲ್ಲ. ಎಂಬತ್ತರ ದಶಕದ ಶುರುವಿನಲ್ಲಿ, ಮಾನ್ವಿಯಲ್ಲಿ, ನನ್ನ ಕಣ್ಣೆದುರೇ ನಡೆದದ್ದು. ನಂಬದವರು ಪುಟ ತಿರುವಿಕೊಳ್ಳಿ, ನನಗೇನೂ ಬೇಸರವಿಲ್ಲ.

ಮೊದಲು ನನ್ನ ಅಕ್ಕ ಶರಣಮ್ಮನ ವಿಷಯ ಹೇಳಬೇಕು.

ಅವಳನ್ನು ದೇವದುರ್ಗಕ್ಕೆ ಕೊಟ್ಟಿದ್ದೆವು. ಗಂಡ ಬಸವರಾಜನಿಗೆ ಅಲ್ಲಿ ಕಿರಾಣಿ ಅಂಗಡಿ. ಮದುವೆಗೆ ಅವ್ವ ರಾಯಚೂರಿನಿಂದ ಹಿತ್ತಾಳೆಯ ಸೀಮೆಎಣ್ಣೆ ಪಂಪ್ ಸ್ಟವ್ ತಂದಿದ್ದಳು. ಪಾತ್ರೆ ಅಂಗಡಿಯವನು ಅದರ ಮೇಲೆ ಚುಕ್ಕೆ ಹೊಡೆದು ಹೆಸರು ಬರೆಯುವಾಗ ತಪ್ಪಿ ‘ಸರಣಮ್ಮ’ ಅಂತ ಬರೆದಿದ್ದ. ಅವ್ವ ಜಗಳಕ್ಕೆ ನಿಂತರೆ ಅಕ್ಕ ನಕ್ಕುಬಿಟ್ಟಳು.

“ಇರಲಿ ಬಿಡವ್ವಾ, ಸ್ಟೋಕ್ಕೇನು ಓದಾಕ ಬರ್ತದ?”

ಮದುವೆಯಾದ ನಾಲ್ಕನೆಯ ವರ್ಷ ಸುದ್ದಿ ಬಂತು. ಸ್ಟವ್ ಸಿಡಿದು ಅಕ್ಕ ಸುಟ್ಟುಕೊಂಡಿದ್ದಾಳೆ, ರಾಯಚೂರಿನ ಆಸ್ಪತ್ರೆಯಲ್ಲಿದ್ದಾಳೆ. ನಾನು ಹೋದಾಗ ಬಾಳೆಲೆಯ ಮೇಲೆ ಮಲಗಿಸಿದ್ದರು. ಆ ವಾಸನೆ ಇವತ್ತಿಗೂ ನನ್ನ ಮೂಗು ಬಿಟ್ಟಿಲ್ಲ. ನಡುರಾತ್ರಿ ಒಮ್ಮೆ ಕಣ್ಣು ತೆರೆದಳು.

“ಸ್ಟೋದಾಗ ಎಣ್ಣೀನ ಇರಲಿಲ್ಲೋ ತಮ್ಮಾ... ಎಂಟು ದಿನ ಆತು... ಕಟ್ಟಿಗಿ ಒಲಿ ಮ್ಯಾಲ ಮಾಡಾಕತ್ತಿದ್ದೆ...”

ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಪಂಚನಾಮೆ ಮಾಡುವಾಗ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದ. “ಸಣ್ಣಾಕಿ ಇನ್ನೂ ಮನಿಯಾಗ ಅದಾಳ. ಕೋರ್ಟು ಕಚೇರಿ ಅಂತ ಹೊಂಟ್ರ ನಾಳಿ ಆಕಿನ್ನ ಯಾರು ಮಾಡ್ಕೋತಾರ? ಸುಮ್ನ ಸೈ ಮಾಡು.” ಸಣ್ಣಾಕಿ ಎಂದರೆ ನನ್ನ ತಂಗಿ. ‘ಸ್ಟವ್ ತಾನಾಗಿಯೇ ಸಿಡಿದು’ ಎಂದು ಬರೆದಿದ್ದ ಕಾಗದದ ಕೆಳಗೆ ನಾನು ಸಹಿ ಹಾಕಿದೆ.

ಹದಿನೈದು ದಿನಕ್ಕೆ ಅಕ್ಕನ ಸಾಮಾನುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಳಿಸಿದರು. ತಟ್ಟೆ, ತಂಬಿಗೆ, ಎರಡು ಸೀರೆ... ಎಲ್ಲದರ ಕೆಳಗೆ ಸ್ಟವ್! ಒಂದು ಕಡೆಯೂ ನೆಗ್ಗಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ. ಸುಳ್ಳು ಹೇಳುವವರಿಗೆ ಒಂದಿಷ್ಟು ಎಚ್ಚರ ಇರಬೇಕು ಅನ್ನುತ್ತಾರೆ. ನಮ್ಮಂಥವರ ಎದುರು ಅವರಿಗೆ ಅದೂ ಬೇಕಾಗಿರಲಿಲ್ಲ. ಅವ್ವ ಅದನ್ನು ಅಡುಗೆಮನೆಯ ಅಟ್ಟಕ್ಕೆ ಸೇರಿಸಿದಳು.

ಮುಂದಿನ ವರ್ಷ ಆ ರಾತ್ರಿ ಬಂತು.

ರಾಯಚೂರಿನಿಂದ ಬರಬೇಕಿದ್ದ ಪೌರಾಣಿಕ ಚಿತ್ರದ ಬದಲು ಬೇರೆ ಯಾವುದೋ ಪೆಟ್ಟಿಗೆ ಬಂದಿತ್ತು. ಹೊರಗೆ ಜನ ಸೇರಿಬಿಟ್ಟಿದ್ದರು. “ಬಂದದ್ದನ್ನ ಹಾಕು” ಅಂದರು ಮಾಲೀಕರು. ಅದು ಇಂಗ್ಲಿಷ್ ಕೂಡ ಅಲ್ಲ, ಫ್ರೆಂಚ್ ಅಂತ ಆಮೇಲೆ ಯಾರೋ ಓದಿದವರು ಹೇಳಿದರು. ಒಂದು ದೊಡ್ಡ ಮನೆ. ಅಲ್ಲಿ ಮನುಷ್ಯರನ್ನು ಕೊಲ್ಲುವುದು ದೆವ್ವವಲ್ಲ, ಮನೆಯ ಸಾಮಾನುಗಳು. ಕತ್ತರಿ ತಾನೇ ಮೇಲೇಳುತ್ತದೆ... ಕುರ್ಚಿ ಕೂತವನನ್ನು ಬಿಡುವುದಿಲ್ಲ... ಇಸ್ತ್ರಿಪೆಟ್ಟಿಗೆ ಕತ್ತಲಲ್ಲಿ ಹೆಂಗಸೊಬ್ಬಳ ಕಡೆಗೆ ಸರಿದು ಬರುತ್ತದೆ.

ಜನ ಬಿದ್ದು ಬಿದ್ದು ನಗುತ್ತಿದ್ದರು. ಗೇಟು ಕಾಯುವ ಮಹಿಬೂಬ್ ಚಾಚಾ ಕ್ಯಾಬಿನ್ನಿನೊಳಗೆ ಬಂದ. “ಅರೇ, ಏನ್ ಪಿಚ್ಚರ್ ಕಳ್ಸ್ಯಾರೋ ಬೇಟಾ? ಕುರ್ಸಿ ಮನ್ಷ್ಯಾನ್ನ ಕೊಲ್ತದಂತ!” ಆಮೇಲೆ ದನಿ ತಗ್ಗಿಸಿದ. “ನಿಮ್ಮ ಮಾಮಾ ಬಂದಾನ, ನೋಡ್ದೀ?”

ಕಿಂಡಿಯಿಂದ ನೋಡಿದೆ. ಅಕ್ಕನ ಗಂಡ ಬಸವರಾಜ ಕುರ್ಚಿ ಕ್ಲಾಸಿನಲ್ಲಿ ಕೂತಿದ್ದ. ಪಕ್ಕದಲ್ಲಿ ಹೊಸ ಹೆಂಡತಿ ನೀಲಮ್ಮ. ಅವಳು ನಮ್ಮ ಮಾನ್ವಿಯ ಹುಡುಗಿಯೇ. ತವರಿಗೆ ಬಂದವಳನ್ನು ಸಿನಿಮಾಕ್ಕೆ ಕರೆತಂದಿದ್ದ. ನನ್ನ ಮೈ ಉರಿದುಹೋಯಿತು. ಮಾಡುವುದೇನು? ರೀಲು ಬದಲಿಸಿದೆ.

ಅದೇ ಕೊನೆಯ ರೀಲು. ತೆರೆಯ ಮೇಲೆ ಅಡುಗೆಮನೆ ಬಂತು. ಮಾತಿಲ್ಲ, ಸಂಗೀತವಿಲ್ಲ. ಚುಕ್... ಚುಕ್... ಚುಕ್... ಯಾರೋ ಪಂಪ್ ಹೊಡೆಯುವ ಸದ್ದು. ಆಮೇಲೆ ಸುಂಯ್...

ಕ್ಯಾಬಿನ್ನಿನ ತುಂಬ ಸೀಮೆಎಣ್ಣೆಯ ವಾಸನೆ. ಕಿಂಡಿಗೆ ಮುಖ ಒತ್ತಿ ನೋಡಿದೆ. ತೆರೆಯ ತುಂಬ ಒಂದು ಹಿತ್ತಾಳೆ ಸ್ಟವ್, ಬೆಂಕಿ ನೀಲಿಯಾಗಿ ಉರಿಯುತ್ತಿತ್ತು. ಸ್ಟವ್ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯ ಕನ್ನಡ ಅಕ್ಷರ...

ಸರಣಮ್ಮ.

“ಬಂದ್ ಮಾಡ್ರಿ ಅದನ್ನ!” ಬಸವರಾಜ ಎದ್ದು ನಿಂತು ಚೀರಿದ. “ಅದು ಹೆಂಗ ಉರಿತದ? ಎಣ್ಣೀನ ಇಲ್ಲ ಅದರಾಗ! ಎಣ್ಣೀನ ಇರಲಿಲ್ಲ!”

ಆಸ್ಪತ್ರೆಯಲ್ಲಿ ಅಕ್ಕ ಆಡಿದ ಮಾತು! ಅವಳು ಅದನ್ನು ನನ್ನೊಬ್ಬನಿಗೇ ಹೇಳಿದ್ದಳು.

ಮಷೀನಿನ ಬೆಳಕು ತಾನೇ ಆರಿತು. ನಾನು ಕೈ ಹಚ್ಚಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ದೀಪ ಹಾಕಿದಾಗ ಅವನು ಇನ್ನೂ ಖಾಲಿ ತೆರೆಯ ಕಡೆಗೇ ಕೈ ತೋರಿಸುತ್ತ ನಿಂತಿದ್ದ. “ಕುಡ್ದಾನ, ಬಿಡ್ರಿ” ಅಂತ ಯಾರೋ ನಕ್ಕರು. ಆಟ ಅಲ್ಲಿಗೇ ಮುಗಿಯಿತು.

ಜನ ಚದುರುತ್ತಿದ್ದಾಗ ನೀಲಮ್ಮ ಕ್ಯಾಬಿನ್ನಿನ ಮೆಟ್ಟಿಲ ಹತ್ತಿರ ಬಂದಳು. ಕೈತುಂಬ ಹಸಿರು ಬಳೆ, ಹೆಚ್ಚೆಂದರೆ ಹತ್ತೊಂಬತ್ತರ ವಯಸ್ಸು.

“ಅಣ್ಣಾ... ನಮ್ಮವರು ಯಾಕ ಹಂಗ ಒದರಿದ್ರು? ನಿಮ್ಮ ಅಕ್ಕಂದು ಖರೇನ ಏನಾಗಿತ್ತು? ನಾಳಿ ಮುಂಜಾನಿ ಬಸ್ಸಿಗೆ ನಾನು ದೇವದುರ್ಗಕ್ಕ ಹೋಗಬೇಕು. ಹೇಳ್ರಿ ಅಣ್ಣಾ.”

ಬಾಯಿಗೆ ಬಂದಿತ್ತು. ಆದರೆ ಬರುವ ಸೋಮವಾರ ನನ್ನ ತಂಗಿಯ ನಿಶ್ಚಯವಿತ್ತು.

“ಏನಿಲ್ಲವ್ವಾ” ಅಂದೆ. “ಸ್ಟೋ ಸಿಡದಿತ್ತು. ಪಿಚ್ಚರ್ ನೋಡಿ ಹೆದರ್ಯಾರ, ಅಷ್ಟ.”

ಅವಳು ತಲೆ ಮೇಲೆ ಸೆರಗು ಎಳೆದುಕೊಂಡು ಗಂಡನ ಹಿಂದೆ ಹೋದಳು.

ಮನೆಗೆ ಬಂದರೆ ಅವ್ವ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. “ಯಪ್ಪಾ, ಯಾರೋ ಸ್ಟೋಕ್ಕ ಪಂಪ್ ಹೊಡದಂಗಾತು... ನಿನಗೇನರ ಕೇಳಿಸ್ತೇನು?” ಅಂದಳು ಪಿಸುಗುಟ್ಟಿ.

ಅಟ್ಟಕ್ಕೆ ಏಣಿ ಹಾಕಿ ಹತ್ತಿದೆ. ಸ್ಟವ್ ಮುಟ್ಟಿದರೆ ಕೈ ಚುರ್ ಅಂದಿತು. ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿದೆ. ಒಂದು ಹನಿ ಎಣ್ಣೆಯಿಲ್ಲ.

ಮರುದಿನ ಬೆಳಗ್ಗೆ ಆ ರೀಲನ್ನು ಕೈಯಿಂದಲೇ ಬಿಚ್ಚಿ, ಬಿಸಿಲಿಗೆ ಹಿಡಿದು ಪೂರ್ತಿ ನೋಡಿದೆ. ಅಡುಗೆಮನೆ ಇತ್ತು. ಮೇಜಿನ ಮೇಲೆ ಚಹಾ ಕಾಯಿಸುವ ಬಿಳಿ ಕೆಟಲ್ ಇತ್ತು. ಸ್ಟವ್ ಎಲ್ಲಿಯೂ ಇರಲಿಲ್ಲ. ಚಾಚಾನನ್ನು ಕೇಳಿದೆ. “ಸ್ಟೋ ನೋಡ್ದೆ ಬೇಟಾ. ಅಕ್ಷರ ನನಗೆಲ್ಲಿ ಬರ್ತದ?” ಅಂದ.

ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಸುಖವಾಗಿದ್ದಾಳೆ.

ಒಂದೂವರೆ ವರ್ಷದ ಮೇಲೆ ದೇವದುರ್ಗದಿಂದ ಬಂದ ಬಸ್ಸಿನ ಜೊತೆ ಸುದ್ದಿಯೂ ಬಂತು. ನೀಲಮ್ಮ ಹೋದಳಂತೆ. ಸ್ಟವ್ ಸಿಡಿಯಿತಂತೆ. ನಾನು ಮನೆಗೆ ಓಡಿ ಅಟ್ಟ ನೋಡಿದೆ. ಸ್ಟವ್ ಅಲ್ಲೇ ಇತ್ತು, ಬಿಸಿಯಾಗಿತ್ತು. ಬಸವರಾಜನ ಮನೆಗೆ ಮತ್ತೆ ಸ್ಟವ್ ತಂದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಾಗದಕ್ಕೆ ಈ ಸಲ ನೀಲಮ್ಮನ ಅಣ್ಣ ಸಹಿ ಹಾಕಿದ್ದನಂತೆ. ನಾನು ಅವನನ್ನು ಯಾವ ಬಾಯಿಂದ ಬೈಯಲಿ?

ಅವ್ವ ಈಗಿಲ್ಲ. ಮನೆಗೆ ಗ್ಯಾಸ್ ಬಂದಿದೆ. ಆದರೂ ಕೆಲವು ರಾತ್ರಿ ಅಟ್ಟದ ಮೇಲೆ ಚುಕ್... ಚುಕ್... ಅನ್ನುತ್ತದೆ, ಆಮೇಲೆ ಸುಂಯ್... ಮಾರಿಬಿಡು ಅನ್ನುತ್ತಾಳೆ ನನ್ನ ಹೆಂಡತಿ. ಏನಂತ ಹೇಳಿ ಮಾರಲಿ? ಈ ಸ್ಟವ್ ಸಿಡಿದುಹೋಗಿದೆ ಅಂತ ಸರ್ಕಾರದ ಕಾಗದದಲ್ಲಿ ನಾನೇ ಸಹಿ ಹಾಕಿದ್ದೇನೆ.