ದೋಣಿಯೇ ಮನೆಯಾದವರು

"ಆ ಹಗ್ಗ ಹಿಡ್ಕೊಳ್ಳಿ ಮಾರಾಯ್ರೆ!"

ದೋಹಾದ ಜೆಟ್ಟಿಯಲ್ಲಿ ನಾನೂ ನನ್ನ ಹೆಂಡತಿಯೂ ಕನ್ನಡದಲ್ಲಿ ಹರಟುತ್ತಿದ್ದುದನ್ನು ಕೇಳಿಸಿಕೊಂಡು, ಹಾಯಿದೋಣಿಯಿಂದ ನರೆಗೂದಲಿನ ಹೆಂಗಸೊಬ್ಬರು ಕೂಗಿದರು. ಗಾಳಿ ಜೋರಾಗಿತ್ತು. ನಾವಿಬ್ಬರೂ ಹಗ್ಗ ಹಿಡಿದೆವು. ಚುಕ್ಕಾಣಿ ಹಿಡಿದಿದ್ದ ಅವರ ಗಂಡ, ಆಕೆ ಹೇಳಿದಂತೆ ತಿರುಗಿಸುತ್ತಾ ದೋಣಿಯನ್ನು ಮೆಲ್ಲನೆ ದಡಕ್ಕೆ ತಾಗಿಸಿದರು. ಆಕೆಯ ಕೈ ಹಿಡಿದು ಅವರು ತಡವುತ್ತಾ ಇಳಿದಾಗಲೇ ಗೊತ್ತಾಯಿತು, ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

ಮಲ್ಪೆಯ ಈ ದಂಪತಿಗೆ ಈಗ ದೋಣಿಯೇ ಮನೆ. ಮೆಕ್ಸಿಕೊದ ಪೆಸಿಫಿಕ್ ತೀರವನ್ನೂ ಸುತ್ತಿ ಬಂದಿದ್ದಾರಂತೆ. "ಹೆದರಿಕೆ ಆಗಲ್ವಾ ಸರ್?" ಎಂದೆ.

"ಆಗ್ತದೆ. ಫ್ಲ್ಯಾಟಲ್ಲಿ ಸುಮ್ನೆ ಕೂತ್ರೆ ಇನ್ನೂ ಹೆಚ್ಚು ಆಗ್ತದೆ," ಎಂದು ನಕ್ಕರು.

ನೀರೆಂದರೆ ಅಂಜುವ ನಾನು ಮರುವಾರವೇ ಈಜು ತರಗತಿಗೆ ಸೇರಿದೆ. ಇನ್ನೂ ಮುಳುಗುವುದೇ ಹೆಚ್ಚು, ಆದರೆ ಒಂದು ದಿನವೂ ತಪ್ಪಿಸಿಲ್ಲ.