ಸ್ವಂತ ರಚನೆಯ ಫಾರ್ಮು

ಆ ಹಾಡನ್ನು ನಾನು ಬರೆಯಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಉಳಿದವರನ್ನು ಬೈಯಲು ಅನುಕೂಲ. ದಾಂಡೇಲಿಯ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಮೊಬೈಲಿನ ಎಐ ಆ್ಯಪಿನಲ್ಲಿ ‘ನಾಟಿ ಗದ್ದೆ, ಅವ್ವ, ಕಣ್ಣೀರು’ ಎಂದು ಟೈಪ್ ಮಾಡಿದೆ. ಕಪ್ಪು ಖಾಲಿಯಾಗುವಷ್ಟರಲ್ಲಿ ಹಾಡು ಬಂತು. ಅದರಲ್ಲಿ ಅವ್ವ ಒಂಬತ್ತು ಸಲ ಅತ್ತಿದ್ದಳು.

ನನ್ನ ಚಟ ಅಣಕಿಸುವುದು. ಹಳಿಯಾಳ ಬಸ್ಸಿನ ಕಂಡಕ್ಟರನಿಂದ ಹಿಡಿದು ಅಪ್ಪನ ಗೊರಕೆಯವರೆಗೆ ಯಾವುದನ್ನೂ ಬಿಟ್ಟವನಲ್ಲ. ಬೇರೆ ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನನ್ನನ್ನೇ ಆಡಿಕೊಳ್ಳುತ್ತೇನೆ. ಆ ಹಾಡನ್ನು ಮುಂಡಗೋಡ ಕಡೆಯ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ದನಿ ಅಣಕಿಸಿ ಹಾಡಲು ಕಲಿತೆ. ನಾಟಿಗೆ ಕೂಲಿ ಹೋಗುವ ಅವಳದು ತುಸು ಒಡೆದ ಗಂಟಲು. ಪದ ಯಂತ್ರದ್ದು, ದನಿ ಅವಳದ್ದು, ಫಾರ್ಮಿನ ಮೇಲಿನ ಸಹಿ ಮಾತ್ರ ನನ್ನದು.

ಹಳಿಯಾಳದಲ್ಲಿ ‘ಸ್ವಂತ ರಚನೆ’ ಹಾಡಿನ ಪ್ರಶಸ್ತಿಗೆ ಆಯ್ಕೆ ನಡೆದಿತ್ತು. ಚಿಗವ್ವನೂ ಬಂದಿದ್ದಳು. ಕೆಸರಿನ ಹೊರಗೆ, ಮೈಕಿನ ಮುಂದೆ ಒಂದು ಸಲ ಹಾಡಬೇಕೆಂಬುದು ಅವಳ ಎಷ್ಟೋ ವರ್ಷಗಳ ಆಸೆ.

ಮೊದಲು ನನ್ನ ಸರದಿ. ಆ ದನಿಯಲ್ಲೇ ಹಾಡಿ, ಪದ ಎಐ ಬರೆದದ್ದೆಂದು ಹೇಳಿದೆ. ಕಮಿಟಿಯ ಹಿರಿಯರು ನಿಯಮ ಓದಿದರು: ಎಐ ಬಳಸಿದ್ದರೂ ಅಡ್ಡಿಯಿಲ್ಲ, ಮನುಷ್ಯನ ಪಾಲು ಇರಬೇಕು.

“ಇದರಾಗ ನಿಮ್ಮ ಪಾಲು ಏನೈತಿ?”

“ಹಿಂಗ ಬರಿ ಅಂತ ಅದಕ್ಕ ಹೇಳಿದಾಂವ ನಾನರೀ.”

“ಆತು ಬಿಡ್ರಿ, ವಿಚಾರ ನಿಮ್ಮದಾತಲ್ಲ.”

ನನ್ನ ಫಾರ್ಮಿನ ಮೇಲೆ ‘ಅರ್ಹ’ ಎಂಬ ಠಸ್ಸೆ ಬಿತ್ತು.

ಚಿಗವ್ವ ಹಾಡುವಾಗ ಪಿಸುಮಾತೆಲ್ಲ ನಿಂತಿತು. ಮುಗಿದ ಮೇಲೆ ಹಿರಿಯರು ಕೇಳಿದರು, “ಇದನ್ನ ಕಟ್ಟಿದವರು ಯಾರವ್ವಾ?”

“ಮೊದಲನೇ ನುಡಿ ನಮ್ಮತ್ತಿದರೀ. ಎರಡನೇದು ನನ್ನ ನೆಗೆಣ್ಣಿದು, ಮೈದುನನ ಹೇಣ್ತಿದು. ಮೂರನೇದು ನಮ್ಮ ಜೋಡಿ ಬರ್ತಿದ್ದಾಕಿದು, ಹೋದ ವರ್ಷ ತೀರಿಕೊಂಡ್ಲು. ಕಡೀದು ನಂದು.”

ಅವರ ನಾಟಿಯ ಸಾಲಿಗೆ ಹೊಸದಾಗಿ ಸೇರಿದವಳು ಹಾಡಿಗೆ ತನ್ನದೊಂದು ನುಡಿ ಕೂಡಿಸಬೇಕು. ಕೇಳಿದವರಿಗೆ ಯಾವ ನುಡಿ ಯಾರದೆಂದು ಹೇಳಲೇಬೇಕು. ಅದನ್ನು ಮುಚ್ಚಿಟ್ಟವಳ ಪಕ್ಕ ಯಾರೂ ನಿಂತು ನಾಟಿ ಮಾಡುವುದಿಲ್ಲ.

“ಹಂಗಾದ್ರ ಇದು ಸ್ವಂತ ರಚನೆ ಆಗೂದಿಲ್ಲವ್ವಾ,” ಎಂದು ಹಿರಿಯರು ಅಡಿಕೆ ಅಗಿಯುತ್ತಲೇ ಅವಳ ಫಾರ್ಮಿನ ಮೇಲೆ ಗೀಟು ಎಳೆಯಲು ಹೊರಟರು.

ಹೇಸಿಗೆ ಬಂತು. ಅವರ ಅಡಿಕೆ, ಆ ಠಸ್ಸೆ, ಎಲ್ಲವೂ ಹೇಸಿಗೆ. ಎಲ್ಲಕ್ಕಿಂತ ಹೆಚ್ಚಿಗೆ, ಅವಳದೇ ಗಂಟಲು ಕದ್ದು ಪಾಸಾಗಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ನಾನು. ಆ ಹೇಸಿಗೆಯಲ್ಲಿಯೂ ನನಗೆ ಹೊಳೆದದ್ದು ಇನ್ನೊಂದು ಕಳ್ಳ ಉಪಾಯವೇ. ಎದ್ದು ಹೋಗಿ ಅವಳ ಕಿವಿಯಲ್ಲಿ ಹೇಳಿದೆ:

“ಚಿಗವ್ವ, ಎಲ್ಲಾ ನಂದ ಅಂತ ಹೇಳಿಬಿಡು. ಫಾರ್ಮಿನ್ಯಾಗ ನಾ ಬರದ ಕೊಡ್ತೇನಿ. ಯಾರು ಬಂದು ಕೇಳ್ತಾರ?”

ಹಿರಿಯರಿಗೂ ಅದು ಕೇಳಿಸಿತು. “ಹಂಗ ಮಾಡ್ರಿ, ಒಳಗ ತಗೋತೇವಿ,” ಎಂದರು.

ಚಿಗವ್ವ ಅವರ ಕಡೆ ನೋಡಲೂ ಇಲ್ಲ, ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಅವಳ ಮಾತು ಮುಗಿದ ಮೇಲೆ ನಾನು ನನ್ನ ಫಾರ್ಮನ್ನು ಮೇಜಿನಿಂದ ವಾಪಸ್ ಎತ್ತಿಕೊಂಡೆ. ಅವಳು ಅಂದದ್ದು ಇಷ್ಟೇ:

“ನನ್ನ ಹಾಡಿನ್ಯಾಗ ನಾಕು ಮಂದಿ ಅದೇವಿ, ನಾಕೂ ಹೆಸರು ಹೇಳ್ತೇನಿ. ನಿಂದರಾಗ ಯಾರು ಅದಾರ? ಒಬ್ಬರ ಹೆಸರಾದ್ರೂ ಹೇಳು.”